ನಾಯಕತ್ವ ಶಾಲೆಗೆ ಒಂದು ಹೆಸರು

ನಾಳೆಯೇ ಕೊನೆಯ ತಾರೀಖು.
ಕಾರವಾರ, ಕೋಡಿಬಾಗದ ಅಂಚೆ ಡಬ್ಬಿ ನಾಲ್ಕಕ್ಕೆ ತೆರೆಯುತ್ತಾರೆ.
ಹೆಸರು: ಲುಸೀನ ಬಸ್ತ್ಯಾಂವ್ ಸಿದ್ದಿ. ವಯಸ್ಸು ಹದಿನೈದು.
ಊರು: ಯಲ್ಲಾಪುರ ದಾಟಿ, ಬಸ್ಸು ತಿರುಗುವಲ್ಲಿಂದ ಮತ್ತೂ ನಡೆದು...
ಗೆರೆ ಸಾಲಲಿಲ್ಲ.

ನಾಯಕತ್ವಕ್ಕೆ ಉದಾಹರಣೆ ಕೊಡಿ, ಅನ್ನುತ್ತದೆ ಅರ್ಜಿ.
ಕೈ ತಾನಾಗಿ ಬರೆಯಿತು:
ನೂರು ಮೀಟರ್, ಹದಿಮೂರು ಸೆಕೆಂಡು.
ಹೊಡೆದುಹಾಕಿದೆ.
ಹನ್ನೊಂದು ವರ್ಷ, ಗುಂಗುರು ಕೂದಲು ಕಂಡರೆ ಸಾಕು
ಸೀಟಿ ಊದಿ ಮೈದಾನಕ್ಕೆ ಕರೆದವನು ನಾನೇ.
ನಿಂತು ಮಾತು ಕೇಳಿದ್ದು ಯಾವಾಗ?

ಜುಲೈಯಲ್ಲಿ ಹಾಸ್ಟೆಲಿನ ಅಕ್ಕಿಗೆ ಹುಳ ಬಿತ್ತು.
ಕೂಗಾಡಲಿಲ್ಲ ಹುಡುಗಿ. ಆರಿಸಿದ ಹುಳ
ಕಡ್ಡಿಪೆಟ್ಟಿಗೆಗೆ ತುಂಬಿ, ಮೇಲೆ ತಾರೀಖು, ಲೆಕ್ಕ ಬರೆದು
ವಾರ್ಡನ್ ಮೇಜಿನ ಮೇಲಿಟ್ಟಳು. ದಿನಕ್ಕೊಂದು.
ಏಳನೆಯ ಪೆಟ್ಟಿಗೆಗೆ
ಹೊಸ ಮೂಟೆ ಬಂತು.

ಇದನ್ನೇ ಬರೆದೆ. ಕರೆದು ಓದಿ ಹೇಳಿದೆ.
"ಎಣಿಸಿದ್ದು ಪುತಳಿ, ಸರ್. ನಾ ಬರೀ ಇಟ್ಟು ಬಂದೆ."
ಬಾಗಿಲವರೆಗೆ ಹೋಗಿ ತಿರುಗಿದಳು:
"ಆ ಶಾಲೆಲಿ ಊಟ ಹೆಂಗೆ?"

ಗೊತ್ತಿಲ್ಲ.
ಅರ್ಜಿಯಲ್ಲಿ ನಾವು ಕೇಳಲು ಜಾಗವಿಲ್ಲ.
ಅಂಚಿನಲ್ಲಿ, ಸಣ್ಣಕ್ಷರದಲ್ಲಿ, ಕೇಳಿದ್ದೇನೆ.
ಪುತಳಿಯ ಹೆಸರನ್ನೂ.