ಇಳಿಜಾರಿನಲ್ಲಿ ನ್ಯೂಟ್ರಲ್

ಕೈ ತೆಗಿ, ಬರಾಸಾ, ಆ ಗೇರಿನ ಮೇಲಿಂದ.
ಏನು ಮಾಡಲು ಹೊರಟೆ ಅಂತ ಗೊತ್ತು ನನಗೆ.
ಸಚಂಗ್ವಾನ್ ದಾಟಿ ರಸ್ತೆ ತಲೆ ಬಾಗಿಸಿತೆಂದರೆ
ಹೊಸಬರ ಎಡಗೈಗೆಲ್ಲ ಇದೇ ತುರಿಕೆ:
ನ್ಯೂಟ್ರಲ್‌ಗೆ ತಳ್ಳು, ಇಂಜಿನ್ ಸುಮ್ಮನಾಗಲಿ,
ಇಪ್ಪತ್ತಾರು ಟನ್ ಕಾಫಿ ತಾನೇ ಉರುಳಲಿ,
ಮಿಕ್ಕ ಡೀಸೆಲ್ ಸಂಜೆಗೆ ಕ್ಯಾನಿಗೆ,
ಕ್ಯಾನು ಸಲ್ಗಾದಲ್ಲಿ ಚಹದಂಗಡಿಯ ಹಿಂದಿನವನಿಗೆ.
ಹನಿಹನಿ ಕೂಡಿದರೆ ಹಳ್ಳ, ಅಂತೀಯ.
ಹೌದು. ಹಳ್ಳಗಳನ್ನು ನೋಡಿದ್ದೇನೆ
ಈ ರಸ್ತೆಯ ಎರಡೂ ಬದಿಗೆ.

ಬೆಳಿಗ್ಗೆ ತಿಂಬೊರೋವಾದ ಮಂಜಿನಲ್ಲಿ
ನೀನು ಹಲ್ಲು ಕಡಿಯುತ್ತ ಕೂತಿದ್ದೆ,
ಮುದುಕ ಆಮೆಯ ಹಾಗೆ ಓಡಿಸುತ್ತಾನೆ ಅಂತ.
ಮುಂದಿನ ಟ್ಯಾಂಕರಿನ ಕೆಂಪು ದೀಪ
ಆ ಸೇತುವೆ ಕಲ್ಲನ್ನು ದಾಟಿದಾಗ ಎಣಿಸಲು ಶುರು ಮಾಡಿದೆ:
ಮೋಜ, ಬಿಲಿ, ತಾತು...
ಏಳಕ್ಕೆ ಮುಂಚೆ ನಾನು ಕಲ್ಲು ಮುಟ್ಟಬಾರದು.
ನಡುವಿನ ಜಾಗ ಖಾಲಿ ಅಂತ ನಿನಗೆ ಕಂಡಿತು,
ಒಂದು ಮಟಾಟು ಬಂದು ತೂರಿಕೊಂಡಿತು ಕೂಡ.
ತೂರಿಕೊಳ್ಳಲಿ. ಮತ್ತೆ ಒಂದರಿಂದ ಎಣಿಸಿದೆ.
ಆ ಖಾಲಿ ನನ್ನದು, ಮಗಾ,
ಸಂಬಳದಲ್ಲಿ ಸೇರದ ಆಸ್ತಿ.

ದೂರದಲ್ಲಿ ಕತ್ತೆಗಾಡಿ ಕಂಡರೆ
ಈಗಲೇ ಕಾಲು ಎತ್ತುತ್ತೇನೆ, ಬ್ರೇಕು ತುಳಿಯೋದಿಲ್ಲ.
ನಿಲ್ಲಿಸಿದ ಲಾರಿಯನ್ನು ಮತ್ತೆ ಎಬ್ಬಿಸೋದು
ಉಂಡು ಮಲಗಿದ ಭಾವನನ್ನು ಎಬ್ಬಿಸಿದ ಹಾಗೆ,
ಎದ್ದ ಕೂಡಲೇ ಕುಡಿಯೋದಕ್ಕೆ ಕೇಳುತ್ತಾನೆ.
ಗಾಳಿ ಕಡಿಮೆಯಾದ ಟೈರೂ ಹಾಗೇ.
ಅದಕ್ಕೇ ಮಲಬಾದಲ್ಲಿ, ಗಡಿಯ ಸಾಲಿನಲ್ಲಿ
ಇಂಜಿನ್ ಆರಿಸಿ, ಸುತ್ತಿಗೆ ಹಿಡಿದು
ಹದಿನೆಂಟು ಚಕ್ರಕ್ಕೂ ಬಡಿದು ಬಂದೆ,
ನೀನು ಫೋನು ನೋಡುತ್ತಿದ್ದಾಗ.

ಈಗ ನ್ಯೂಟ್ರಲ್ಲಿನ ವಿಷಯ.
ಲೆಕ್ಕದ ಚೆಪ್ಕೋರಿರ್ ಪರದೆ ತೋರಿಸಿ ಹೇಳಿದಳು,
ನಾನೂ ಮೊದಲು ನಂಬಲಿಲ್ಲ:
ಗೇರಿನಲ್ಲಿಟ್ಟು ಕಾಲು ಎತ್ತಿದರೆ
ಇಂಜಿನ್ ಒಂದು ತೊಟ್ಟೂ ಕುಡಿಯೋದಿಲ್ಲ,
ಚಕ್ರವೇ ಅದನ್ನು ತಿರುಗಿಸಿಕೊಂಡು ಹೋಗುತ್ತೆ.
ನ್ಯೂಟ್ರಲ್ಲಿನಲ್ಲಿ ಗುಟುಕು ಗುಟುಕಾಗಿ
ಕುಡಿಯುತ್ತಲೇ ಇರುತ್ತೆ.
ಅಂದರೆ ಇಷ್ಟು ವರ್ಷ
ಜೀವ ಅಡವಿಟ್ಟು ನಾವು ಉಳಿಸಿದ್ದು
ಉಳಿತಾಯವೇ ಅಲ್ಲ.

ಓಂಗೇರಿಗೆ ಇದನ್ನು ಹೇಳಬೇಕಿತ್ತು.
ದಡ್ಡನಲ್ಲ ಅವನು, ಕುಡಿದವನೂ ಅಲ್ಲ.
ಮಗಳ ಶಾಲೆಯ ಬೂಟಿಗೆ ಅಳತೆಯ ದಾರ
ಅಂಗಿಯ ಜೇಬಿನಲ್ಲಿತ್ತು.
ಇದೇ ಇಳಿಜಾರು, ಮಧ್ಯಾಹ್ನ ಮೂರರ ಬಿಸಿಲು.
ಮೊದಲು ಲೈನಿಂಗ್ ಸುಟ್ಟ ವಾಸನೆ ಬಂತು,
ಆಮೇಲೆ ಹಾರ್ನು, ಬಿಡದೆ, ಬಿಡದೆ.
ಗೇರು ಹುಡುಕಿದ. ಆ ವೇಗಕ್ಕೆ
ಯಾವ ಗೇರೂ ಬಾಯಿ ತೆರೆಯೋದಿಲ್ಲ.
ಆಲೂಗಡ್ಡೆ ಮಾರುವವರು ಓಡಿದರು.

ಕ್ಯಾಬಿನ್ನು ಕಾಗದದ ಹಾಗೆ ಮಡಿಸಿತ್ತು,
ಸೀಟಿನ ಹಿಂದಿನ ಹಳದಿ ಕ್ಯಾನು ಮಾತ್ರ
ಮುಚ್ಚಳ ಕೂಡ ಸಡಿಲಾಗದೆ ಕೂತಿತ್ತು,
ಇಪ್ಪತ್ತು ಲೀಟರ್.
ರಾತ್ರಿ ಕ್ರೇನಿನವನ ಡೀಸೆಲ್ ಮುಗಿಯಿತು.
ಅದನ್ನೇ ಎತ್ತಿ ಹೊಯ್ದರು.
ಅವನು ಉಳಿಸಿದ್ದರಿಂದಲೇ
ಅವನನ್ನು ಹೊರಗೆ ಎಳೆದರು.

ವಾಸನೆ ನನಗೆ ಹೇಗೆ ಬಂತು ಅಂತ ಕೇಳಬೇಡ.
ಸರಿ, ಕೇಳು.
ನಾನು ಅವನ ಹಿಂದೆಯೇ ಇದ್ದೆ,
ನಾನೂ ನ್ಯೂಟ್ರಲ್ಲಿನಲ್ಲೇ.
ನನ್ನದು ಖಾಲಿ ಗಾಡಿ. ಅಷ್ಟೇ ವ್ಯತ್ಯಾಸ.
ಹನ್ನೊಂದು ವರ್ಷದಿಂದ ನಾನು ಜಾಣ ಅಂತ
ಎಲ್ಲರೂ ಹೇಳುತ್ತಾರೆ.

ನೀನೀಗ ಬಹಳ ಹೊತ್ತು ಸುಮ್ಮನಿದ್ದು
ಕೇಳಿದ್ದು ಇದು:
ಆ ಇಪ್ಪತ್ತು ಲೀಟರಿನ ದುಡ್ಡು
ಅವನ ಹೆಂಡತಿಗೆ ಯಾರಾದರೂ ಕೊಟ್ಟರಾ?

ಇಲ್ಲ.
ಮೂರನೇ ಗೇರು.
ಹಾಗೇ ಇರಲಿ, ಕೆಳಗೆ ಮುಟ್ಟುವ ತನಕ.