ಒಂದು ಗೇಣು, ಎರಡು ಬೆರಳು

ಅಳೆಯಲಿಕ್ಕೆ ಸ್ಕೇಲು ಬೇಡ, ಕೈ ಸಾಕು.
ಎಂಬತ್ತಾರರ ಫೈನಲ್ಲು,
ಜೆಪ್ಪಿನ ಹಂಚಿನ ಕಾರ್ಖಾನೆಯ ಅಂಗಳ,
ಕೆಂಪು ಹುಡಿ ಕಣಕಾಲಿನವರೆಗೆ.
ಮದ್ರಾಸಿನಿಂದ ಬರುತ್ತಿದ್ದ ಇಂಗ್ಲಿಷ್ ಪತ್ರಿಕೆಯಲ್ಲಿ
ಒಂದು ಗೇಣು, ಮೇಲೆ ಎರಡು ಬೆರಳು.
ಫೋಟೋದಲ್ಲಿ ಗಿಲ್ಬರ್ಟ್ ಕ್ರಾಸ್ತಾ ನೆಲ ಬಿಟ್ಟಿದ್ದಾನೆ,
ಮರದ ರ‍್ಯಾಕೆಟ್ಟು ತಲೆಯ ಹಿಂದೆ,
ಚೆಂಡು ಚೌಕಟ್ಟಿನ ಹೊರಗೆ.
ಎಲ್ಲಿ ಚೆಂಡು ಎಂದು ಆಗ ಯಾರೂ ಕೇಳಲಿಲ್ಲ.

ನಾನು ಕ್ಲಬ್ಬಿನ ಸೆಕ್ರೆಟರಿ, ಅಂಕ ಬರೆಯುವವ.
ಆಟ ಮುಗಿಸಿ ಹುಡುಗರು ಗೋಳಿಬಜೆಗೆ ಹೊರಟರೆ
ನಾನು ಸೈಕಲ್ಲು ಹತ್ತಿ ತಂತಿ ಕಚೇರಿಗೆ.
ಶಬ್ದಕ್ಕೆ ಇಷ್ಟು ಪೈಸೆ ಅಂದಾಗ
ವಿಶೇಷಣಗಳು ತಾವಾಗಿ ಉದುರುತ್ತಿದ್ದವು.
ಅಮೋಘ ಬಿಟ್ಟೆ, ರೋಚಕ ಬಿಟ್ಟೆ,
ಹತ್ತು ಜನರ ಹೆಸರು ಮಾತ್ರ ಬಿಡಲಿಲ್ಲ,
ಸೋತವರದ್ದೂ.

ಆಮೇಲೆ ಫ್ಯಾಕ್ಸು ಬಂತು. ಶಬ್ದ ಅಗ್ಗವಾಯಿತು,
ಜಾಗ ತುಟ್ಟಿಯಾಯಿತು.
ತೊಂಬತ್ತೇಳರಲ್ಲಿ ನಾಲ್ಕು ಬೆರಳು.
ಮತ್ತೆ ಸಂಕ್ಷಿಪ್ತ ಸುದ್ದಿಯ ಪೆಟ್ಟಿಗೆಯೊಳಗೆ
ಚದುರಂಗದ ಕೆಳಗೆ ಒಂದು ಹೆಬ್ಬೆಟ್ಟು.
ಒಂದು ವರ್ಷವಂತೂ ಬರೀ ಉಗುರು:
ಊರಿನ ಹೆಸರು ಉಂಟು, ಗೆದ್ದವರದ್ದಿಲ್ಲ.
ಅದನ್ನೂ ಕತ್ತರಿಸಿ ಫೈಲಿಗೆ ಅಂಟಿಸಿದೆ.
ಮೈದಾದ ಅಂಟು ಸುದ್ದಿಗಿಂತ ಅಗಲಕ್ಕೆ ಹರಡಿ
ಜಿರಳೆಗಳಿಗೆ ಔತಣ.

ಕ್ರಿಕೆಟ್ಟನ್ನು ಬೈಯುವವ ನಾನಲ್ಲ, ನಾನೂ ನೋಡ್ತೇನೆ.
ಆದರೆ ಅಲ್ಲಿ ಒಬ್ಬನ ಮಂಡಿನೋವಿಗೆ ಮೂರು ಕಾಲಂ.
ನಮಗೆ ಮಂಡಿ ಇಲ್ಲವಾ ಮಾರಾಯ್ರೆ?
ವಾಮನ ಕುಂದರ್ ಎರಡನ್ನೂ ಈ ಅಂಗಳಕ್ಕೆ ಕೊಟ್ಟು
ಈಗ ಬಂದರಿನಲ್ಲಿ ಮಂಜುಗಡ್ಡೆಯ ಚೀಟಿ ಹರಿಯುತ್ತಾನೆ,
ಕೂತಲ್ಲಿಂದಲೇ.

ಕಳೆದ ಡಿಸೆಂಬರಿನಲ್ಲಿ ಫೋನು ಮಾಡಿದೆ.
ಡೆಸ್ಕಿನಲ್ಲಿ ಹೊಸ ಹುಡುಗ, ಮರ್ಯಾದಸ್ಥ.
"ಬಾಲ್ ಬ್ಯಾಡ್ಮಿಂಟನ್ ಅಂದ್ರೆ ಶಟಲ್ ಅಲ್ವಾ ಸರ್?"
ಅಲ್ಲ ಮಗ. ಇದು ಬಯಲಿನಲ್ಲಿ,
ಆಚೆ ಐವರು, ಈಚೆ ಐವರು,
ಹಳದಿ ಉಣ್ಣೆಯ ಚೆಂಡು, ನಿಂಬೆಯಷ್ಟೇ.
ಸಂಜೆ ನಾಲ್ಕಕ್ಕೆ ಕಡಲ ಗಾಳಿ
ಹನ್ನೊಂದನೆಯವನಾಗಿ ಅಂಗಳಕ್ಕೆ ಇಳಿಯುತ್ತದೆ,
ಯಾರ ಕಡೆ ಆಡುತ್ತದೆಂದು ಅದಕ್ಕೇ ಗೊತ್ತಿಲ್ಲ.
ಆ ಬದಿಯಲ್ಲಿ ಕೀಲಿಮಣೆ ಟಕಟಕ ಅಂದಿತು.
ಖುಷಿಯಾಯಿತು ನನಗೆ, ಸುಳ್ಳು ಯಾಕೆ.

ಮರುದಿನ ಇಲ್ಲ. ಅದರ ಮರುದಿನವೂ ಇಲ್ಲ.
ಮೂರನೆಯ ದಿನ ಬಂತು, ಒಂದು ಸಾಲು,
ಪಕ್ಕದಲ್ಲಿ ಎಲ್ಲಿಂದಲೋ ತೆಗೆದ ಚಿತ್ರ:
ಬಿಳಿ ಗರಿಯ ಶಟಲ್ಲು.
ನಕ್ಕೆ. ಒಳಗಿನಿಂದ ಹೆಂಡತಿ, ಎಂತ, ಅಂದಳು.
ನಮ್ಮ ಚೆಂಡಿಗೆ ಪುಕ್ಕ ಬಂದಿದೆ, ಅಂದೆ.
ಆ ಪುಟವನ್ನು ಅಂಟಿಸಲಿಲ್ಲ. ಬಿಸಾಡಲೂ ಇಲ್ಲ.

ಈಗ ತಂತಿ ಕಚೇರಿ ಇಲ್ಲ,
ಫ್ಯಾಕ್ಸಿಗೆ ಹಳೆಯ ಜೆರ್ಸಿ ಹೊದಿಸಿದ್ದೇವೆ.
ಆದರೂ ಕೊನೆಯ ಸೀಟಿ ಕೇಳಿದೊಡನೆ
ಕೈ ಸುಮ್ಮನಿರುವುದಿಲ್ಲ.
ಯಾರಿಗೆ ಕಳಿಸುವುದು, ಮತ್ತೆ ನೋಡುವ.
ಮೊದಲು ಬರೆದುಬಿಡುವ.

ಜೆಪ್ಪು, ಫೆಬ್ರವರಿ ೯: ಮಹಿಳೆಯರ ಫೈನಲ್ಲಿನಲ್ಲಿ
ಉಳ್ಳಾಲ ತಂಡವು ಕಾರ್ಕಳ ತಂಡವನ್ನು
೩೫-೩೧, ೨೯-೩೫, ೩೫-೩೩ರಿಂದ ಸೋಲಿಸಿತು.
ಉಳ್ಳಾಲ: ಸಫ್ರೀನಾ, ಜೆಸಿಂತಾ, ಪ್ರಫುಲ್ಲಾ,
ನಫೀಸತ್, ಯಶೋಧರೆ.
ಕಾರ್ಕಳ: ವಾರಿಜಾ, ಐರಿನ್, ಸುಲೋಚನಿ,
ಅಕ್ಕತಂಗಿ ಬೇಬಿ ಮತ್ತು ಶಕೀಲಾ ಪೂಜಾರ‍್ತಿ.
ಮೂರನೆಯ ಸೆಟ್ಟಿನಲ್ಲಿ ಚೆಂಡು ಹಂಚಿನ ಮಾಡಿನಲ್ಲಿ ಸಿಕ್ಕಿ
ಹತ್ತು ನಿಮಿಷ ಆಟ ನಿಂತಿತ್ತು.
ವಾಮನ ಕುಂದರ್ ಹತ್ತುತ್ತೇನೆಂದು ಎದ್ದು ನಿಂತರು,
ಕೂರಿಸಲಾಯಿತು.
ಪ್ರೇಕ್ಷಕರು ಅರುವತ್ತು.
ಗಾಳಿ ಪಡುವಣದಿಂದ.