ಎಳ್ಳಷ್ಟು ಜಾಗ

ಹೊಸ ರಾಕರ್ ಆರ್ಮುಗಳು ಬಂದಿದ್ದು ಮಂಗಳವಾರ,
ಹದಿನಾರೂ ಎಣ್ಣೆಗಾಗದದಲ್ಲಿ ಸುತ್ತಿಕೊಂಡು.
ಮೂಗಿನ ತುದಿಗೆ ಪುಟ್ಟ ಉರುಳೆ, ಹೊಳೆಯುವ ಬೆನ್ನು,
ಹಳೆಯವಕ್ಕಿಂತ ಅರ್ಧ ಬೆರಳು ಎತ್ತರ.
ಕೂರಿಸಿದೆ. ಸಡಿಲ ನೋಡಿದೆ. ಬಿಗಿದೆ.
ವಾಲ್ವ್ ಕವರ್ ಮುಚ್ಚಿ ಕೈಯಲ್ಲೇ ಇಂಜಿನ್ ತಿರುವಿದರೆ,
ಟಕ್.
ತಗ್ಗು ಬಾಗಿಲ ಮನೆಗೆ ಬಂದ ಉದ್ದನೆಯ ಅಳಿಯ,
ತಲೆ ಬಗ್ಗಿಸಿ ಅಭ್ಯಾಸವಿಲ್ಲ.

ಜೀಲಾಂಗಿನಲ್ಲಿ ಜುಲೈ. ಶೆಡ್ಡಿನ ತಗಡು
ಕೊಲ್ಲಿಯ ಗಾಳಿಗೆ ಕಟಕಟ ಹಲ್ಲು ಕಡಿಯುತ್ತಿತ್ತು.
ಬೆಳಗಿನ ಐದೂಕಾಲರ ಬಸ್ಸು ಓಡಿಸಿ ಬಂದ ನನ್ನ ಕೈ
ಇನ್ನೂ ಸ್ಟಿಯರಿಂಗಿನ ಅಳತೆಗೇ ಮಡಚಿಕೊಂಡಿತ್ತು.
ಬೇಲಿಯಾಚೆಯಿಂದ ಜ್ಲಾಟ್ಕೊ ಬಂದ.
ಈ ಫಾಲ್ಕನ್ ನನಗೆ ಮಾರಿದವನು,
ಮಾರಿದ ಮೇಲೂ ದಿನಕ್ಕೊಮ್ಮೆ ನೋಡಿ ಹೋಗುವವನು,
ಹೆಣ್ಣು ಕೊಟ್ಟ ಮನೆಗೆ ನೆಪ ಹುಡುಕಿ ಬರುವವರ ಹಾಗೆ.

"ಜೇಡಿಮಣ್ಣಿದೆಯಾ?" ಕೇಳಿದ. ಇರಲಿಲ್ಲ.
ರಾತ್ರಿಗೆಂದು ನಾದಿಟ್ಟಿದ್ದ ಚಪಾತಿ ಹಿಟ್ಟು ತಂದೆ.
ಗೋಲಿಯಷ್ಟು ಗೋಲಿಯಷ್ಟು ಮುರಿದು
ಒಂದೊಂದು ರಾಕರಿನ ನೆತ್ತಿಗೂ ಇಟ್ಟೆವು,
ಅಂಟದಿರಲೆಂದು ಮೇಲಿಷ್ಟು ಎಣ್ಣೆ ಸವರಿ.
ಕವರ್ ಮುಚ್ಚಿ, ಸ್ಪ್ಯಾನರ್ ಹಾಕಿ, ಮೆಲ್ಲಗೆ ಎರಡು ಸುತ್ತು.
ತೆಗೆದರೆ ಹಿಟ್ಟೇ ವರದಿ ಒಪ್ಪಿಸಿತು:
ಇಲ್ಲಿ ಪೂರಿ, ಇಲ್ಲಿ ಚಪಾತಿ, ಇಲ್ಲಿ ಹಪ್ಪಳ.
ಮೂರನೆಯ ಸಿಲಿಂಡರಿನ ಎಕ್ಸಾಸ್ಟ್ ಕಡೆ
ಹಿಟ್ಟೇ ಇಲ್ಲ,
ಕಬ್ಬಿಣ ಕಬ್ಬಿಣದ ಮುಖ ನೋಡುತ್ತಿದೆ.

"ಎತ್ತರದ ಕವರ್ ಸಿಗುತ್ತವಲ್ಲ, ಹೊಳೆಯುವಂಥವು" ಎಂದೆ.
ಕೇಳಿಸದವನಂತೆ ಹಳೆಯದನ್ನೇ ಮಗುಚಿದ.
ಒಳಗೆ, ಎಣ್ಣೆ ತೊಟ್ಟಿಕ್ಕಲೆಂದು ಬೆಸೆದ ತಗಡಿನ ನಾಲಿಗೆಗಳು.
ತಾಗುತ್ತಿರುವುದು ಇವೇ.
ಬೆಸುಗೆಯ ಚುಕ್ಕಿಗೆ ಉಳಿಯಿಟ್ಟು ಒಂದೇಟು ಹಾಕಿದೆ.
ಎರಡನೆಯದಕ್ಕೆ ನಾಲಿಗೆ ಕಳಚಿ ಬಿತ್ತು.

ಅದರಡಿಯಲ್ಲಿ,
ಐವತ್ತು ವರ್ಷ ಎಣ್ಣೆಯೂ ಮುಟ್ಟದ ಕೆಂಪು ಬಣ್ಣದಲ್ಲಿ
ಒಂದು ಹೆಬ್ಬೆಟ್ಟು.
ಬಣ್ಣ ಹಸಿಯಿದ್ದಾಗ ಯಾರೋ ಒತ್ತಿದ್ದು.
ಗೆರೆಗೆರೆ ಸುರುಳಿ, ನಡುವೆ ಹಳೆಯ ಗಾಯದ ಅಡ್ಡಗೀಟು.

ಜ್ಲಾಟ್ಕೊ ಆ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಇದ್ದವನು.
ಕನ್ನಡಕ ಹಣೆಗೇರಿಸಿ, ಹೆಬ್ಬೆರಳನ್ನು ಚಿಂದಿಯಲ್ಲಿ ಒರೆಸಿ
ಆ ಗುರುತಿನ ಮೇಲಿಟ್ಟ. ದೊಡ್ಡದಾಯಿತು.
ಓರೆಯಾಗಿ ಇಟ್ಟ. ಎಡಗೈಯದನ್ನೂ ಇಟ್ಟು ನೋಡಿದ.
"ನನ್ನದಲ್ಲ" ಎಂದ,
ಲಾಟರಿಯ ಕೊನೆಯ ಅಂಕಿ ತಪ್ಪಿದವನ ದನಿಯಲ್ಲಿ.
"ಸ್ಟಾವ್ರೂಲಾಳದ್ದಿರಬೇಕು. ಪ್ರೆಸ್ಸಿನ ಪಾಳಿ. ಸಣ್ಣ ಕೈ."
ಸ್ವಲ್ಪ ಹೊತ್ತು ಬಿಟ್ಟು,
"ಅಲ್ಲ. ಅವಳು ಸೇರಿದ್ದು ಆಮೇಲೆ."

ನಮ್ಮಜ್ಜಿ ಸೊಸೈಟಿಯ ಪುಸ್ತಕಕ್ಕೆ ಹೆಬ್ಬೆಟ್ಟೊತ್ತಿ
ಶಾಯಿಯನ್ನು ಸೆರಗಿನೊಳಗೆ ಒರೆಸಿಕೊಳ್ಳುತ್ತಿದ್ದಳು,
ಯಾರಿಗೂ ಕಾಣದ ಹಾಗೆ.
ಇಲ್ಲಿ ಒತ್ತಿದವರಿಗೆ ಆ ನಾಚಿಕೆ ಇದ್ದಂತಿಲ್ಲ.
ಅವನಿಗೆ ಇದನ್ನು ಹೇಳಹೊರಟೆ;
ಹೆಬ್ಬೆಟ್ಟು ಅನ್ನುವ ಮಾತಿಗೆ
ನನ್ನ ಇಂಗ್ಲಿಷಿನ ರೂಟಿನಲ್ಲಿ ಸ್ಟಾಪಿಲ್ಲ.

ಮಿಕ್ಕ ನಾಲಿಗೆಗಳನ್ನೂ ಕಿತ್ತೆವು. ಅವುಗಳ ಕೆಳಗೆ ಏನೂ ಇರಲಿಲ್ಲ.
ದಪ್ಪನೆಯ ಕಾರ್ಕ್ ಗ್ಯಾಸ್ಕೆಟ್ ಇಟ್ಟು, ಮತ್ತೆ ಹಿಟ್ಟು, ಮತ್ತೆರಡು ಸುತ್ತು.
ಎಲ್ಲ ಕಡೆ ರೊಟ್ಟಿಯ ದಪ್ಪ;
ಆ ಮೂರನೆಯದರಲ್ಲಿ ಮಾತ್ರ ಎಳ್ಳಷ್ಟು.
"ಇಷ್ಟು ಸಾಕಾ?"
"ತಾಗದಿದ್ದರೆ ಸಾಕು."
ಬೋಲ್ಟುಗಳನ್ನು ನಡುವಿನಿಂದ ತುದಿಗೆ, ಚೂರು ಚೂರೇ ಬಿಗಿದೆ.
"ಹಿಂಡಬೇಡ, ಕಾರ್ಕು ನಿಂಬೆಹಣ್ಣಲ್ಲ."
ಇನ್ನು ಆ ಗುರುತಿಗೆ ಬಿಸಿ ಎಣ್ಣೆ ಸಿಡಿಯುತ್ತಲೇ ಇರುತ್ತದೆ,
ಎಷ್ಟು ದಿನ ಉಳಿಯುತ್ತದೋ.

ಇಂಜಿನ್ ಶುರುವಾಯಿತು. ಸ್ಕ್ರೂಡ್ರೈವರಿನ ಹಿಡಿ ಕಿವಿಗೆ ಒತ್ತಿ
ಅವನು ಆಲಿಸಿದ, ಬಹಳ ಹೊತ್ತು,
ಬೇಕಾದ್ದಕ್ಕಿಂತ ಹೆಚ್ಚು ಹೊತ್ತು.
ಟಕ್ ಇಲ್ಲ.

ಎಣ್ಣೆ ಮೆತ್ತಿದ ಹಿಟ್ಟಿನ ಗೋಲಿಗಳನ್ನು ಅಂಗಳಕ್ಕೆ ಚೆಲ್ಲಿದೆ.
ಮ್ಯಾಗ್‌ಪೈ ಕೂಡ ಮೂಸಲಿಲ್ಲ.
ರಾತ್ರಿಗೆ ಅನ್ನವೇ ಗತಿ.